ಮೇಡಂ ಬಾಯಲ್ಲಿ ಉಳಿದ ಭಾಷೆ

ದೊಡ್ಡಬಳ್ಳಾಪುರ
9 ಜೂನ್ 2025

ಚಂದನ ಅವರಿಗೆ ನಮಸ್ಕಾರ.

ನೀವು ನನ್ನನ್ನು ನೋಡಿಲ್ಲ. ನನ್ನ ಹೆಸರು ಮುನಿಲಕ್ಷ್ಮಿ, ಊರು ಕುಂದಾಣ. ದೊಡ್ಡಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನರ್ಸ್ ಆಗಿದ್ದೇನೆ. ನಿಮ್ಮ ತಾಯಿ ಚೌಡೇಶ್ವರಿ ಮೇಡಂ ಹತ್ತಿರ ಸ್ವಲ್ಪ ಕಾಲ ಜರ್ಮನ್ ಕಲಿತೆ. ಕಲಿತೆ ಅನ್ನುವುದಕ್ಕಿಂತ ಬೈಸಿಕೊಂಡೆ ಅಂದರೆ ಸರಿ. ನಿಮ್ಮ ಸೋದರಮಾವ ನರಸಿಂಹಯ್ಯನವರು ಈ ಇಮೇಲ್ ವಿಳಾಸ ಕೊಟ್ಟು, "ಫೋನ್ ಮಾಡುದ್ರೆ ಎತ್ತಲ್ಲ ಕಣಮ್ಮ, ನೀನೇ ಒಂದ್ಸಲ ಬರ್ದು ನೋಡು" ಅಂದರು.

ಕಳೆದ ತಿಂಗಳು ಮೇಡಂಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋಗಿವೆ. ನಮ್ಮ ನರ್ಸಿಂಗ್ ಹೋಮಿಗೇ ಕರೆತಂದಿದ್ದರು. ನಾನು ಡ್ಯೂಟಿಗೆ ಹೋದಾಗ ಅವರು ಹಾಸಿಗೆಯ ಮೇಲೆ ಒಂದೇ ಪದ ಕೂಗುತ್ತಿದ್ದರು. ನಿಮ್ಮ ಮಾವ ಕಣ್ಣಲ್ಲಿ ನೀರು ತುಂಬಿಕೊಂಡು, "ದುರಸ್ತಿ ದುರಸ್ತಿ ಅಂತಾವ್ಳೆ ಸಿಸ್ಟರ್, ಮಗ್ಗದ್ ರಿಪೇರಿ ತಲೆಗ್ ಬಂದದೋ ಏನೋ" ಅಂದರು. ಅದು ದುರಸ್ತಿ ಅಲ್ಲ, "ಡುರ್ಸ್ಟ್". ಬಾಯಾರಿಕೆ. ನಾನು ನೀರು ಕುಡಿಸಿದೆ. ಗಟಗಟ ಕುಡಿದು ನನ್ನ ಮುಖ ನೋಡಿದರು. ಯಾರನ್ನು ಕ್ಲಾಸಿನಿಂದ ಓಡಿಸಿದ್ದರೋ ಅವಳೇ ಅಂತ ಗುರುತು ಸಿಕ್ಕಿತು ಅಂತ ಕಾಣುತ್ತದೆ, ಮುಖ ಆಚೆ ತಿರುಗಿಸಿಕೊಂಡರು.

ಅವರ ಕನ್ನಡ ಹೋಗಿಬಿಟ್ಟಿದೆ ಚಂದನ ಅವರೇ. ನಾವು ಆಡಿದ್ದು ಅರ್ಥವಾಗುತ್ತದೆ, ಆದರೆ ಬಾಯಿ ಬಿಟ್ಟರೆ ಬರುವುದು ಜರ್ಮನ್ ಮಾತ್ರ, ಅದೂ ತುಂಡು ತುಂಡು. ಕೆಲವರಿಗೆ ಹೀಗಾಗುವುದುಂಟು, ತಾಯಿನುಡಿ ಹೋಗಿ ಆಮೇಲೆ ಕಲಿತದ್ದು ಉಳಿಯುತ್ತದೆ ಎಂದು ಡಾಕ್ಟರ್ ಹೇಳಿದರು. ಈಗ ನಿಮ್ಮ ಮಾವನ ಮನೆಯ ಮಹಡಿಯಲ್ಲಿದ್ದಾರೆ, ಮೊದಲು ಕ್ಲಾಸ್ ನಡೆಸುತ್ತಿದ್ದ ಅದೇ ಕೋಣೆಯಲ್ಲಿ. ಆ ಮನೆಯಲ್ಲಿ ಯಾರಿಗೂ ಅವರ ಮಾತು ತಿಳಿಯದು. ನಾನು ಡ್ಯೂಟಿ ಮುಗಿಸಿ ದಿನಾ ಹೋಗುತ್ತೇನೆ. ನನಗೂ ಅರ್ಧ ತಿಳಿಯುತ್ತದೆ, ಅರ್ಧ ಊಹೆ.

ನನಗೆ ಮೂವತ್ತೆಂಟು. ಜರ್ಮನಿಯ ಆಸ್ಪತ್ರೆಗಳಿಗೆ ನರ್ಸ್‌ಗಳು ಬೇಕು ಎಂದು ಕೇಳಿ, ಇಪ್ಪತ್ತೆರಡರ ಹುಡುಗಿಯರ ನಡುವೆ ಹೋಗಿ ಕೂತೆ. "ಬಾಯಲ್ಲಿ ಮುದ್ದೆ ಇಟ್ಕೊಂಡು ಮಾತಾಡ್ಬೇಡ. ನುಂಗು, ಆಮೇಲೆ ಮಾತಾಡು" ಅನ್ನುತ್ತಿದ್ದರು ಮೇಡಂ. ಅದೆಲ್ಲ ಸಹಿಸಿಕೊಂಡೆ. ಒಂದು ದಿನ ಸಂಖ್ಯೆಗಳನ್ನು ಹೇಳಿ ಬರೆಸುತ್ತಿದ್ದರು. ಜರ್ಮನ್‌ನಲ್ಲಿ ಅರವತ್ತೈದಕ್ಕೆ ಐದು-ಮತ್ತು-ಅರವತ್ತು ಅನ್ನಬೇಕಲ್ಲ, ನಾನು ತಿರುಗಾಮುರುಗಾ ಮಾಡಿ ಐವತ್ತಾರು ಎಂದು ಬರೆದೆ. ಅವರ ಮುಖ ಬಿಳಿಚಿಹೋಯಿತು. "ನೀನು ನರ್ಸಾ? ನಿನ್ ಕೈಲಿ ಜನ ಸಾಯ್ತಾರೆ. ಎದ್ದೋಗು" ಅಂದರು. ಹದಿನಾಲ್ಕು ವರ್ಷ ರೋಗಿಗಳ ಸೇವೆ ಮಾಡಿದವಳಿಗೆ ಆ ಮಾತು ಎಷ್ಟು ನಾಟಿತು ಎಂದು ಹೇಳಲಾರೆ. ಎದ್ದು ಬಂದವಳು ಮತ್ತೆ ಹೋಗಿರಲಿಲ್ಲ.

ಇಷ್ಟು ಬರೆದದ್ದು ದೂರು ಹೇಳಲು ಅಲ್ಲ. ಜರ್ಮನಿಯಲ್ಲೇ ಬೆಳೆದ ನಿಮಗೆ ಜರ್ಮನ್ ನೀರು ಕುಡಿದಷ್ಟು ಸಲೀಸು. ಒಂದು ಸಲ ಬಂದು ನಿಮ್ಮ ತಾಯಿಯ ಹತ್ತಿರ ಮಾತಾಡುತ್ತೀರಾ?

ಇಂತಿ,
ಮುನಿಲಕ್ಷ್ಮಿ


ಬ್ರೇಮನ್
20 ಜೂನ್ 2025

ಮುನಿಲಕ್ಷ್ಮಿಯವರಿಗೆ,

ನಿಮ್ಮ ಪತ್ರ ಬಂತು. ಅಮ್ಮನಿಗೆ ನೀರು ಕೊಟ್ಟದ್ದಕ್ಕೆ ಧನ್ಯವಾದ.

ನಾನು ಬರುವುದಿಲ್ಲ. ಅವರಿಬ್ಬರೂ ಊರಿಗೆ ಮರಳಿದ ಮೇಲೆ, ಅಪ್ಪ ತೀರಿಕೊಂಡಾಗ ಬಂದಿದ್ದೇ ಕೊನೆ. ದಯವಿಟ್ಟು ನನಗೆ ಫೋನ್ ಮಾಡಬೇಡಿ, ಅವಳ ದನಿಯನ್ನು ರೆಕಾರ್ಡ್ ಮಾಡಿ ಕಳಿಸಬೇಡಿ. ಹೇಳುವುದಿದ್ದರೆ ಬರೆಯಿರಿ. ಓದುವುದಾದರೆ ನಾನು ನಡುವೆ ನಿಲ್ಲಿಸಬಹುದು.

ನಿಮ್ಮನ್ನು ಅವಳು ಹೇಗೆ ಬೈದಿರಬಹುದು ಎಂದು ಊಹಿಸಬಲ್ಲೆ. ನನ್ನನ್ನೂ ಹಾಗೆಯೇ ಬೆಳೆಸಿದಳು. ನಿಮಗೆ ಎದ್ದು ಹೋಗಲು ಬಾಗಿಲಿತ್ತು.

ಚಂದನ


ದೊಡ್ಡಬಳ್ಳಾಪುರ
29 ಜೂನ್ 2025

ಚಂದನ ಅವರಿಗೆ,

ಫೋನ್ ಮಾಡುವುದಿಲ್ಲ. ಬರೆಯುತ್ತೇನೆ.

ಮೇಡಂ ಈಗ ದಿಂಬಿಗೆ ಒರಗಿ ಕೂರುತ್ತಾರೆ. ನಿಮ್ಮ ಮಾವ ಕೆಳಗೆ ಮಗ್ಗ ಬಿಟ್ಟು ಗಳಿಗೆಗೊಮ್ಮೆ ಮೇಲೆ ಬರುತ್ತಾರೆ. ಮೊನ್ನೆ ಯಾರೋ ಹೇಳಿದರೆಂದು ಮೊಬೈಲನ್ನು ತಂಗಿಯ ಬಾಯಿ ಹತ್ತಿರ ಹಿಡಿದರು, ಅದು ಭಾಷೆ ತಿರುಗಿಸಿ ಹೇಳುತ್ತದಂತೆ. ಮೇಡಂ ಮಾತು ತೊದಲು. ಮೊಬೈಲು "ಕಿಟಕಿ ಎಪ್ಪತ್ತು ಬೆಣ್ಣೆ" ಅಂತ ಏನೋ ಒದರಿತು. ಅವರು ಎಡಗೈಯಿಂದ ಅದನ್ನು ತಳ್ಳಿಬಿಟ್ಟರು. "ಇದ್ಕೂ ಇವ್ಳು ಪಾಠ ಹೇಳ್ಬೇಕೇನೋ" ಎಂದು ಮಾವ ನಗಲು ನೋಡಿದರು, ನಗು ಬರಲಿಲ್ಲ.

ಅವರು ಹೆಚ್ಚಾಗಿ ಹೇಳುವುದು ಒಂದೇ: "ಫೀರ್ ಉಂಟ್ ಸೀಪ್ತ್ಸಿಶ್". ನಾಲ್ಕು-ಮತ್ತು-ಎಪ್ಪತ್ತು, ಎಪ್ಪತ್ತನಾಲ್ಕು. ನಾನು ಒಳಗೆ ಕಾಲಿಟ್ಟ ಕೂಡಲೇ ಶುರು. ಅವರ ವಯಸ್ಸೇ ಅಂದರೆ ಅರವತ್ತಮೂರು. ಬಿಟ್ಟುಹೋದ ಪಾಠವನ್ನು ಮುಂದುವರಿಸುತ್ತಿದ್ದಾರೆ ಅಂದುಕೊಂಡು ನಾನೂ ನಿಂತುಕೊಂಡು ಹೇಳಿದೆ, ಸ್ಪಷ್ಟವಾಗಿ, ಮುದ್ದೆ ನುಂಗಿ. ಸರಿಯಾಗಿ ಹೇಳಿದೆ ಎಂದು ನನಗೇ ಗೊತ್ತಾಯಿತು. ಶಭಾಷ್ ಎಂಬಂತೆ ಒಂದು ನೋಟ ಸಿಕ್ಕರೆ ಸಾಕಿತ್ತು. ಅವರು ಬಿಕ್ಕಿ ಬಿಕ್ಕಿ ಅಳತೊಡಗಿದರು. ಕರೆಂಟ್ ಹೋಗಿ ಕೆಳಗೆ ಮಗ್ಗಗಳು ನಿಂತಿದ್ದವು. ಇಡೀ ಮನೆಗೆ ಆ ಅಳು ಕೇಳಿಸಿತು.

ಇನ್ನೊಂದು ಮಾತು. ಅವರು ನಿಮ್ಮ ಹೆಸರು ಕರೆಯುತ್ತಾರೆ. "ಚಂದನ, ಚಂದನ" ಅನ್ನುತ್ತಾರೆ. ತಾಯಿ ಅಲ್ಲವೇ, ನೀವು ಬಂದರೆ ಅರ್ಧ ಕಾಯಿಲೆ ವಾಸಿಯಾದೀತು.

ಮುನಿಲಕ್ಷ್ಮಿ


ಬ್ರೇಮನ್
26 ಜುಲೈ 2025

ಮುನಿಲಕ್ಷ್ಮಿಯವರೇ,

ತಡವಾಗಿ ಬರೆಯುತ್ತಿದ್ದೇನೆ. ನಿಮ್ಮ ಪತ್ರವನ್ನು ಅರ್ಧ ಓದಿ ಮುಚ್ಚಿಟ್ಟೆ. ಮತ್ತೆ ತೆರೆದಿದ್ದು ನಿನ್ನೆ.

ಮೊದಲನೆಯದಾಗಿ, ನೀವು ಸುಳ್ಳು ಹೇಳುತ್ತಿದ್ದೀರಿ. ಅಮ್ಮ ನನ್ನನ್ನು ಎಂದೂ ಚಂದನ ಎಂದು ಕರೆದವಳಲ್ಲ. ಮನೆಯಲ್ಲಿ ನನ್ನ ಹೆಸರು ಚಿನ್ನಿ. ಒಳ್ಳೆಯ ಮನಸ್ಸಿನಿಂದ ಹೇಳಿದ್ದೀರಿ, ಇರಲಿ. ಇನ್ನೊಮ್ಮೆ ಹೇಳಬೇಡಿ.

ಎರಡನೆಯದು. ಎಪ್ಪತ್ತನಾಲ್ಕು ಪಾಠವಲ್ಲ, ನಮ್ಮ ಮನೆಯ ನಂಬರು. ಅಪ್ಪ ಮಗ್ಗದ ಯಂತ್ರಗಳ ಕೆಲಸ ಕಲಿಯಲು ಬಂದು ಕ್ರೇಫೆಲ್ಡ್‌ನಲ್ಲಿ ಉಳಿದರು. ಅದೂ ರೇಷ್ಮೆ ನೇಯ್ಗೆಯ ಊರೇ. ನನ್ನ ಮೂರನೇ ವಯಸ್ಸಿನಿಂದ ನಾವು ಆ ಉದ್ದದ, ಏರು ಬೀದಿಯ ಮೇಲುತುದಿಯಲ್ಲಿ ಎಪ್ಪತ್ತನಾಲ್ಕನೇ ಮನೆಯಲ್ಲಿದ್ದೆವು. ಅಲ್ಲಿ ನನಗೆ ಒಬ್ಬ ತಮ್ಮ ಹುಟ್ಟಿದ. ನರೇಶ. ವರ್ಷ ತುಂಬುವ ಮುಂಚೆ ಒಂದು ಜನವರಿಯ ಮಧ್ಯಾಹ್ನ ಎದೆ ಕಟ್ಟಿ ತೀರಿಕೊಂಡ. ಆಂಬುಲೆನ್ಸ್ ಬರುವುದು ತಡವಾಯಿತು ಎಂದಷ್ಟೇ ಅಪ್ಪ ಹೇಳುತ್ತಿದ್ದರು. ಅವನ ಫೋಟೋ ನಮ್ಮ ಮನೆಯಲ್ಲಿ ಇರಲಿಲ್ಲ. ಅವನ ಹೆಸರನ್ನು ಯಾರೂ ಎತ್ತುತ್ತಿರಲಿಲ್ಲ. ನಾನು ಇದನ್ನು ಕನ್ನಡದಲ್ಲಿ ಬರೆಯುತ್ತಿರುವುದು ಇದೇ ಮೊದಲು.

ಅವಳ ಬಾಯಲ್ಲಿ ಆ ನಂಬರು ಬರುತ್ತಿದೆ ಎಂದರೆ ಅವಳು ಈಗ ಆ ಮನೆಯಲ್ಲೇ ಇದ್ದಾಳೆ. ಅವಳು ಆ ನಂಬರು ಹೇಳುತ್ತಿರುವುದು ನನಗೆ ಗೊತ್ತೆಂದು ಅವಳಿಗೆ ತಿಳಿಸಬೇಡಿ. ಆದರೆ ಅವಳು ಏನು ಹೇಳುತ್ತಾಳೆ ಎಂದು ನನಗೆ ತಿಳಿಸಿ, ಇದ್ದದ್ದು ಇದ್ದ ಹಾಗೆ.

ಚಂದನ


ದೊಡ್ಡಬಳ್ಳಾಪುರ
4 ಆಗಸ್ಟ್ 2025

ಚಂದನ ಅವರಿಗೆ,

ತಪ್ಪಾಯಿತು. ಇನ್ನು ಸುಳ್ಳು ಬರೆಯುವುದಿಲ್ಲ.

ಮೇಡಂ ಆರೋಗ್ಯ ಹಾಗೇ ಇದೆ. ಗಂಜಿ ಕುಡಿಯುತ್ತಾರೆ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ಹೇಳುವಂಥದ್ದು ಹೆಚ್ಚೇನೂ ಇಲ್ಲ.

ಮುನಿಲಕ್ಷ್ಮಿ


ಬ್ರೇಮನ್
17 ಆಗಸ್ಟ್ 2025

ಮುನಿಲಕ್ಷ್ಮಿ,

ಮಗ್ಗ, ಮೊಬೈಲು, ಮುದ್ದೆ ಎಲ್ಲವನ್ನೂ ಬರೆಯುತ್ತಿದ್ದವರು ಈಗ ಮಳೆಯ ಸುದ್ದಿ ಬರೆದಿದ್ದೀರಿ. ಹೇಳುವಂಥದ್ದು ಇದೆ.

ಅವಳು ನನ್ನ ಬಗ್ಗೆ ಏನೋ ಹೇಳಿದ್ದಾಳೆ. ಏನಿರಬಹುದು ಎಂದೂ ನನಗೆ ಗೊತ್ತು. ಅದನ್ನು ಕೇಳಲು ಏಳನೇ ವಯಸ್ಸಿನಿಂದ ಕಾಯುತ್ತಿದ್ದೇನೆ, ಆದ್ದರಿಂದ ನನ್ನನ್ನು ಕಾಪಾಡುವ ಅಗತ್ಯ ನಿಮಗಿಲ್ಲ. ಬರೆಯಿರಿ.

ಚಂದನ


ದೊಡ್ಡಬಳ್ಳಾಪುರ
31 ಆಗಸ್ಟ್ 2025

ಚಂದನಕ್ಕ,

ಹೀಗೆ ಕರೆದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಇದನ್ನು "ಅವರಿಗೆ" ಎಂದು ಬರೆಯಲು ಆಗುತ್ತಿಲ್ಲ.

ನಿಮ್ಮ ಬಗ್ಗೆ ಅವರು ಒಂದು ಮಾತೂ ಆಡಿಲ್ಲ. ಆಡಿದ್ದು ತಮ್ಮ ಬಗ್ಗೆ.

ನೀವು ಮನೆ ನಂಬರಿನ ವಿಷಯ ಬರೆಯುವ ಮುಂಚೆಯೇ ಅವರು ಎಡಗೈಯನ್ನು ಕಿವಿಗೆ ಹಿಡಿದು ಮಾತಾಡುತ್ತಿದ್ದರು, ಫೋನ್ ಹಿಡಿದ ಹಾಗೆ. ನಾನು ಕಿವಿ ನೋವಿರಬಹುದು ಅಂದುಕೊಂಡು ಕಿವಿಗೆ ಲೈಟ್ ಬಿಟ್ಟು ನೋಡಿದ್ದೆ. ನಿಮ್ಮ ಪತ್ರ ಓದಿದ ಮಾರನೇ ದಿನ ಸುಮ್ಮನೆ ಪಕ್ಕದಲ್ಲಿ ಕೂತು ಕೇಳಿದೆ. "ಬಿಟ್ಟ, ಶ್ನೆಲ್" ಅಂದರು. ದಯವಿಟ್ಟು, ಬೇಗ. "ಯುಂಗ" ಅಂದರು, ಹುಡುಗ. ಬೀದಿಯ ಹೆಸರಿರಬೇಕು, ಏನೋ ಅಂದರು. ಆಮೇಲೆ ಒಂದು ಸಂಖ್ಯೆ ಬಂತು. ನಾನು ಎಪ್ಪತ್ತನಾಲ್ಕಕ್ಕೆ ಕಾದಿದ್ದೆ. ಅವರು ಹೇಳಿದ್ದು "ಸೀಬೆನ್ ಉಂಟ್ ಫೀರ್ತ್ಸಿಶ್". ಏಳು-ಮತ್ತು-ನಲವತ್ತು.

ಹೇಳಿದ ಕೂಡಲೇ ತಲೆ ಅಲ್ಲಾಡಿಸಿ "ನೈನ್, ನೈನ್, ಫಾಲ್ಶ್" ಎಂದು ಕೂಗಿದರು. ಇಲ್ಲ, ತಪ್ಪು. ಆಮೇಲೆ ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು, ಎಪ್ಪತ್ತನಾಲ್ಕು. ಈಗ ಸರಿಯಾಗಿ ಹೇಳಿದರೆ ಆ ಗಾಡಿ ತಿರುಗಿ ಬರುತ್ತದೆ ಎಂಬ ಹಾಗೆ.

ನಾನು ಕನ್ನಡದಲ್ಲಿ ಕೇಳಿದೆ, "ಮೇಡಂ, ಅವತ್ತು ಫೋನಲ್ಲಿ ನಂಬರ್ ಹಿಂದುಮುಂದಾಗಿ ಹೇಳ್ಬಿಟ್ರಾ?"

ಹೌದೆಂದು ತಲೆಯಾಡಿಸಿದರು. ಆಮೇಲೆ ಆ ಎಡಗೈಯನ್ನು ತಂದು ನನ್ನ ಬಾಯಿಯ ಮೇಲೆ ಇಟ್ಟು ಒತ್ತಿದರು. ಯಾರಿಗೂ ಹೇಳಬೇಡ ಅಂತ. ಆಂಬುಲೆನ್ಸಿನವರಿಗೆ ನಲವತ್ತೇಳನೇ ಮನೆಯ ವಿಳಾಸ ಸಿಕ್ಕಿತ್ತು ಅಂತ ನಿಮ್ಮ ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ ಕೇಳಿದೆ. ಇಲ್ಲ. ಅಣ್ಣನಿಗೆ? ಇಲ್ಲ.

ಅದಕ್ಕೇ ಮಳೆಯ ಸುದ್ದಿ ಬರೆದೆ. ರೋಗಿ ಮುಚ್ಚಿಡಿ ಅಂದದ್ದನ್ನು ಇಷ್ಟು ವರ್ಷದಲ್ಲಿ ಒಂದು ಸಲವೂ ಹೊರಗೆ ಬಿಟ್ಟವಳಲ್ಲ ನಾನು. ಈಗ ಬಿಟ್ಟಿದ್ದೇನೆ. ನೀವು ಬೇರೇನೋ ಕೇಳಲು ಕಾಯುತ್ತಿದ್ದೀರಿ ಎಂದು ಬರೆಯದೇ ಹೋಗಿದ್ದರೆ ಬಿಡುತ್ತಿರಲಿಲ್ಲ.

ನಿಮ್ಮ,
ಲಕ್ಷ್ಮಿ


ಬ್ರೇಮನ್
5 ಅಕ್ಟೋಬರ್ 2025

ಲಕ್ಷ್ಮಿ,

ನಿನಗೆ ಉತ್ತರ ಬರೆಯುವ ಮುಂಚೆ ಒಂದು ಕಡೆ ಹೋಗಿಬರಬೇಕಿತ್ತು. ಹೋಗಲು ಧೈರ್ಯ ಸಾಲದೆ ಇಷ್ಟು ದಿನವಾಯಿತು.

ಮೊದಲು ನನ್ನ ಪಾಲಿನದು ಹೇಳುತ್ತೇನೆ. ಆ ದಿನ ಶಾಲೆ ಬೇಗ ಬಿಟ್ಟಿತು. ಅಮ್ಮನಿಗಿಂತ ನನಗೆ ಆಗ ಜರ್ಮನ್ ಚೆನ್ನಾಗಿ ಬರುತ್ತಿತ್ತು. ಅಂಗಡಿಯಲ್ಲಿ, ಡಾಕ್ಟರ ಹತ್ತಿರ ಅವಳ ಪರವಾಗಿ ನಾನೇ ಮಾತಾಡುತ್ತಿದ್ದೆ. ನಾನು ನೇರ ಮನೆಗೆ ಹೋಗಿದ್ದರೆ ಆ ಫೋನನ್ನು ನಾನೇ ಮಾಡುತ್ತಿದ್ದೆ. ಹೋಗಲಿಲ್ಲ. ಹಿಮ ಬಿದ್ದಿತ್ತು, ಆಡುತ್ತಾ ಉಳಿದೆ. ಮನೆ ಸೇರಿದಾಗ ಬಾಗಿಲು ತೆರೆದೇ ಇತ್ತು, ಒಳಗೆ ಅಪರಿಚಿತ ಗಂಡಸರು ಇದ್ದರು. ಅಮ್ಮ ತಿರುಗಿ ನನ್ನನ್ನು ನೋಡಿ "ಎಲ್ಲಿಗೆ ಹೋಗಿದ್ದೆ?" ಅಂದಳು. ಅಷ್ಟೇ. ಆಮೇಲೆ ಅವಳು ಬೈದದ್ದೆಲ್ಲ, ಉಚ್ಚಾರಣೆ ತಪ್ಪಿದರೆ, ಒಂದು ಅಂಕ ಕಡಿಮೆ ಬಂದರೆ, ನಿಮಿಷ ತಡವಾದರೆ, ಎಲ್ಲದರ ಕೆಳಗೂ ನನಗೆ ಅದೇ ಪ್ರಶ್ನೆ ಕೇಳಿಸುತ್ತಿತ್ತು. ತಮ್ಮ ಸತ್ತದ್ದು ನಾನು ತಡಮಾಡಿದ್ದಕ್ಕೆ, ಅವಳಿಗೆ ಅದು ಗೊತ್ತು, ಬಾಯಿಬಿಟ್ಟು ಹೇಳುತ್ತಿಲ್ಲ, ಅಷ್ಟೇ ಎಂದು ತಿಳಿದು ಮೂವತ್ತೆರಡು ವರ್ಷ ಬದುಕಿದೆ. ಅವಳು ಬೇರೆಯದನ್ನು ಮುಚ್ಚಿಟ್ಟುಕೊಂಡು ಅದೇ ಮನೆಯಲ್ಲಿ ನನ್ನ ಎದುರು ಕೂತು ಊಟ ಮಾಡುತ್ತಿದ್ದಳು.

ಕಳೆದ ವಾರ ಕ್ರೇಫೆಲ್ಡ್‌ಗೆ ಹೋದೆ. ನಮ್ಮ ಮನೆಯಲ್ಲಿ ಈಗ ಹಲ್ಲಿನ ಡಾಕ್ಟರ ಕ್ಲಿನಿಕ್ಕಿದೆ. ಅಲ್ಲಿ ನಿಲ್ಲಲಿಲ್ಲ. ಬೀದಿ ಇಳಿದು ನಲವತ್ತೇಳರ ಮುಂದೆ ನಿಂತೆ. ಕರೆಗಂಟೆ ಒತ್ತುವ ಯೋಚನೆ ಇರಲಿಲ್ಲ. ಕಿಟಕಿಯಿಂದ ನೋಡಿದ ಮುದುಕರೊಬ್ಬರು ಬಾಗಿಲು ತೆಗೆದು ಏನು ಬೇಕು ಅಂದರು. ಬಹಳ ವರ್ಷಗಳ ಹಿಂದೆ, ಹಿಮ ಬಿದ್ದ ಒಂದು ದಿನ, ತಪ್ಪಿ ನಿಮ್ಮ ಮನೆಗೆ ಆಂಬುಲೆನ್ಸ್ ಬಂದಿತ್ತೇ ಎಂದು ಕೇಳಿಬಿಟ್ಟೆ. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

ಒಳಗೆ ಕೂರಿಸಿ ಹೇಳಿದರು. ಇಬ್ಬರು ಓಡಿ ಬಂದು ಮಗು ಎಲ್ಲಿ ಎಂದು ಕೇಳಿದರಂತೆ. ಇಲ್ಲಿ ಮಗು ಇಲ್ಲ ಎಂದರೆ ನಂಬಲಿಲ್ಲವಂತೆ. ಫೋನ್ ಮಾಡಿದ ಹೆಂಗಸು ಅಷ್ಟು ಗಾಬರಿಯಲ್ಲಿದ್ದಳು, ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಎಂದುಕೊಂಡರೋ ಏನೋ. ಎಲ್ಲ ಕೋಣೆಗಳನ್ನೂ ಹುಡುಕಿದರು. ಮಂಚದ ಕೆಳಗೆ ಕೂಡ. ಆ ದಂಪತಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ ಗೋಡೆಗೆ ಒರಗಿ ನಿಂತು ನೋಡುತ್ತಿದ್ದಳಂತೆ. ಅಂದಿನಿಂದ ಪ್ರತಿ ಚಳಿಗಾಲದಲ್ಲೂ, "ಈ ಮನೆಯಲ್ಲಿ ಒಂದು ಮಗು ಇದೆ, ನಮಗೆ ಸಿಕ್ಕಿಲ್ಲ ಅಷ್ಟೇ" ಅನ್ನುತ್ತಿದ್ದಳಂತೆ. ಹೋದ ವರ್ಷ ತೀರಿಕೊಂಡಳು. ಕೊನೆಕೊನೆಗೆ ಕೋಣೆ ಕೋಣೆಗೂ ಹೋಗಿ ನೋಡುತ್ತಿದ್ದಳಂತೆ.

ಹೊರಡುವಾಗ ಮುದುಕರು ಕೇಳಿದರು, "ಆ ಮಗು ಅವರಿಗೆ ಸಿಕ್ಕಿತಾ?"

ಸಿಕ್ಕಿತು ಅಂದೆ.

ಆಂಬುಲೆನ್ಸಿನವರು ಆ ಮನೆಯನ್ನೆಲ್ಲ ಹುಡುಕಿದರು ಎಂಬುದನ್ನು ಅಮ್ಮನಿಗೆ ಯಾವತ್ತೂ ಹೇಳಬೇಡ. ನನಗೆ ವಿಷಯ ಗೊತ್ತಾಗಿದೆ ಎಂದು ಮಾತ್ರ ಹೇಳು. ನಾನು ಸಿಟ್ಟಾಗಿಲ್ಲ ಎಂದು ಹೇಳು. ಜರ್ಮನ್‌ನಲ್ಲೋ ಕನ್ನಡದಲ್ಲೋ, ನಿನಗೆ ಯಾವುದು ಸರಿ ಕಂಡರೆ ಅದರಲ್ಲಿ.

ಚಂದನ


ದೊಡ್ಡಬಳ್ಳಾಪುರ
16 ನವೆಂಬರ್ 2025

ಚಂದನಕ್ಕ,

ಹೇಳಿದೆ. ಹೇಗಾಯಿತು ಎಂದು ತಿಳಿಸಲು ಇಷ್ಟು ದಿನ ತೆಗೆದುಕೊಂಡೆ, ಯಾಕೆಂದರೆ ಚೆನ್ನಾಗಿ ಆಗಲಿಲ್ಲ.

ಜರ್ಮನ್‌ನಲ್ಲೇ ಹೇಳೋಣ ಎಂದು ವಾಕ್ಯ ಕಟ್ಟಿಕೊಂಡು ಹೋಗಿದ್ದೆ. ನಿಮ್ಮ ಮಗಳಿಗೆ ಗೊತ್ತಾಗಿದೆ, ಆಕೆಗೆ ಸಿಟ್ಟಿಲ್ಲ. ಮೊದಲ ವಾಕ್ಯ ಮುಗಿಯುವಷ್ಟರಲ್ಲಿ ಮೇಡಂ ಪಕ್ಕದಲ್ಲಿದ್ದ ಸ್ಟೀಲ್ ಲೋಟ ಎತ್ತಿ ಬೀಸಿದರು. ಹಣೆಗೆ ತಾಗಿತು. "ರೌಸ್!" ಅಂದರು. ಹೊರಗೆ ಹೋಗು. ಆ ಒಂದು ಪದದಲ್ಲಿ ತೊದಲೇ ಇರಲಿಲ್ಲ, ಹಳೇ ಕ್ಲಾಸಿನ ದನಿಯೇ. ನಿಮ್ಮ ಮಾವ ಓಡಿಬಂದು, "ಏನಮ್ಮಿ ಇದು, ಆ ಮಗಿ ನಿನ್ ಸೇವೆಗ್ ಬಂದದೆ" ಎಂದು ತಂಗಿಯನ್ನು ಗದರಿದರು. ನಾನು ಇಳಿದು ಬಂದೆ. ಎರಡನೇ ಸಲ ಅದೇ ಮೆಟ್ಟಿಲು.

ಮಾರನೇ ದಿನ ಮತ್ತೆ ಹೋದೆ. ಯಾಕೆ ಹೋಗುತ್ತೀಯ ಎಂದು ಬೈರೇಶ, ನನ್ನ ಗಂಡ, ಕೇಳುತ್ತಲೇ ಇರುತ್ತಾರೆ. "ಅವ್ರು ನಿಂಗೇನಾಗ್ಬೇಕು? ಮಾತ್ ಕಲಿಸ್ದೋರು ನಿಜ, ಬುಡು ಸಾಕು" ಅನ್ನುತ್ತಾರೆ. ಬೇರೆ ಯಾರಿಗೂ ತಿಳಿಯದ ಭಾಷೆಯಲ್ಲಿ ಒಬ್ಬರು ಒಂಟಿಯಾಗಿ ಅಳುತ್ತಿದ್ದಾರೆ, ನನಗೆ ಅದು ತಿಳಿಯುತ್ತದೆ. ತಿಳಿದ ಮೇಲೆ ಹೋಗದೆ ಇರುವುದು ಹೇಗೆ?

ಮೇಡಂ ನನ್ನ ಹಣೆಯ ಗಂಟನ್ನು ನೋಡಿದರು. ಅಂದಿನಿಂದ ಆ ನಂಬರನ್ನು ಹೇಳುವುದು ನಿಂತಿದೆ.

ನಿಂತಿತಲ್ಲ ಎಂದು ಸಮಾಧಾನವಾಗಿತ್ತು. ಅದು ನನ್ನ ತಪ್ಪು ತಿಳಿವಳಿಕೆ. ಸೋಮವಾರ ಇನ್ನೊಂದು ಸಣ್ಣ ಸ್ಟ್ರೋಕ್ ಆಯಿತು. ಈಗ ಉಳಿದ ಭಾಷೆಯೂ ಹೋಗುತ್ತಿದೆ ಅಕ್ಕ. ನೀರಿಗೆ ಪದವಿಲ್ಲ, ಲೋಟ ತೋರಿಸುತ್ತಾರೆ. ದಿನಕ್ಕೆ ನಾಲ್ಕೈದು ಮಾತು ಬಂದರೆ ಹೆಚ್ಚು. ಸಂಜೆ ಹೊತ್ತು ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾರೆ. ಯಾರಾದರೂ ಮೆಟ್ಟಿಲು ಹತ್ತಿದ ಸದ್ದಾದರೆ ಮುಖ ಎತ್ತುತ್ತಾರೆ, ನಾನೋ ಮಾವನೋ ಎಂದು ಕಂಡ ಮೇಲೆ ಇಳಿಸುತ್ತಾರೆ. ನಿಮ್ಮನ್ನೇ ಕಾಯುತ್ತಿದ್ದಾರೆ ಎಂದು ಬರೆಯಲಾರೆ. ಇನ್ನು ಸುಳ್ಳು ಬರೆಯುವುದಿಲ್ಲ ಎಂದಿದ್ದೇನೆ. ಯಾರನ್ನೋ ಕಾಯುತ್ತಿದ್ದಾರೆ.

ಬರುವುದಿದ್ದರೆ ಈಗ ಬನ್ನಿ.

ಲಕ್ಷ್ಮಿ


ಬ್ರೇಮನ್
19 ನವೆಂಬರ್ 2025

ಲಕ್ಷ್ಮಿ,

ಡಿಸೆಂಬರ್ ಕೊನೆಗೆ ರಜೆ ಸಿಕ್ಕಿದೆ. ದೇವನಹಳ್ಳಿಯಲ್ಲಿ ಇಳಿದು ನೇರ ಬರುತ್ತೇನೆ. ಅಮ್ಮನಿಗೆ ಮೊದಲೇ ಹೇಳಬೇಡ. ಬರದೇ ಹೋದರೆ?

ಚಂದನ


ದೊಡ್ಡಬಳ್ಳಾಪುರ
25 ಜನವರಿ 2026

ಚಂದನಕ್ಕ,

ಮೇಡಂ ಹೋದ ಸುದ್ದಿ ಮಾವ ನಿಮಗೆ ಫೋನಿನಲ್ಲಿ ಹೇಳಿದ್ದಾರೆ. ನೀವು ಫೋನ್ ಎತ್ತಿದಿರಂತೆ. "ಎರಡೇ ರಿಂಗಿಗೆ ಎತ್ತುದ್ಲು" ಎಂದು ಎಲ್ಲರಿಗೂ ಹೇಳುತ್ತಿದ್ದಾರೆ. ನೋವಿಲ್ಲದೆ ಹೋದರು. ನಾನು ಪಕ್ಕದಲ್ಲಿದ್ದೆ. ಮಾತು ನಿಂತು ಆಗಲೇ ಒಂದು ವಾರವಾಗಿತ್ತು, ಆದ್ದರಿಂದ ಕೊನೆಯ ಮಾತು ಇಂಥದ್ದು ಎಂದು ನಾನು ನಿಮಗೆ ಹೇಳುವಂತಿಲ್ಲ. ನಿನ್ನೆ ತಿಥಿ ಮುಗಿಯಿತು. ಅವರಿಗೆ ಇಷ್ಟವೆಂದು ಮಾವ ಕಾಫಿಯನ್ನು ಸಕ್ಕರೆ ಹಾಕದೆ ಎಡೆಗಿಟ್ಟರು.

ಬೇರೆ ಕಡೆ ಕ್ಲಾಸಿಗೆ ಸೇರಿ ಬರೆದಿದ್ದ ನನ್ನ ಜರ್ಮನ್ ಪರೀಕ್ಷೆಯ ಫಲಿತಾಂಶ ಬಂತು. ಪಾಸಾಗಿದ್ದೇನೆ. ಕೇಳಿ ಅರ್ಥ ಮಾಡಿಕೊಳ್ಳುವ ಭಾಗದಲ್ಲಿ ನಮ್ಮ ಗುಂಪಿನಲ್ಲಿ ನನಗೇ ಹೆಚ್ಚು ಅಂಕ. ಹುಡುಗಿಯರು ಹೇಗೆ ಓದಿದೆ ಅಕ್ಕ ಎಂದು ಕೇಳುತ್ತಾರೆ. ಹೇಳಿದರೆ ನಂಬುವುದಿಲ್ಲ. ಮಾತಿನ ಪರೀಕ್ಷೆಯಲ್ಲಿ ನನ್ನ ಹಿಂದೆ ಯಾರೋ ನಿಂತ ಹಾಗೆ ಅನ್ನಿಸುತ್ತಿತ್ತು. ತಪ್ಪು ಪದ ಬಾಯಿಗೆ ಬಂದಾಗ ಬೆನ್ನು ತಣ್ಣಗಾಗುತ್ತಿತ್ತು. ನುಂಗಿ, ಸರಿಯಾದದ್ದು ಹೇಳುತ್ತಿದ್ದೆ. ಈಗಲೂ ಮನೆಯಲ್ಲಿ ಒಬ್ಬಳೇ ಜರ್ಮನ್ ಅಭ್ಯಾಸ ಮಾಡಲು ಭಯ. ಉತ್ತರ ಬಂದುಬಿಟ್ಟರೆ ಎಂದು. ಏಪ್ರಿಲಿನಲ್ಲಿ ಹೊರಡಬಹುದು. ಹೋಗುವ ಸಂತೋಷ ಇದೆಯೋ ಇಲ್ಲವೋ ಎಂದು ನನ್ನನ್ನು ನಾನೇ ಕೇಳಿಕೊಂಡಿಲ್ಲ.

ಅಕ್ಕ, ಒಂದು ಕೇಳಲೇ? ನೀವು ಬಂದ ದಿನ ನನ್ನನ್ನೂ ಮಾವನನ್ನೂ ಹೊರಗೆ ಕಳಿಸಿ ಬಾಗಿಲು ಮುಂದಕ್ಕೆ ಮಾಡಿಕೊಂಡಿರಿ. ನಾವು ಮೆಟ್ಟಿಲ ಮೇಲೆ ಕೂತೆವು. ನಿಮ್ಮ ದನಿ ಕೇಳುತ್ತಿತ್ತು, ಕನ್ನಡ ಎಂದು ತಿಳಿಯಿತೇ ಹೊರತು ಮಾತು ತಿಳಿಯಲಿಲ್ಲ. ಆಮೇಲೆ ಮೇಡಂ ದನಿ. ಎರಡೇ ಸಲ. ಆಮೇಲೆ ಏನೂ ಇಲ್ಲ. ಕತ್ತಲಾಗುವ ಹೊತ್ತಿಗೆ ನೀವು ಚಪ್ಪಲಿ ಕೈಯಲ್ಲಿ ಹಿಡಿದು, ತುದಿಗಾಲಲ್ಲಿ ಹೊರಗೆ ಬಂದಿರಿ. ಮಾವ "ಏನಂದ್ಲವ್ವಾ?" ಎಂದು ಕೇಳಿದರೆ ತುಟಿಯ ಮೇಲೆ ಬೆರಳಿಟ್ಟಿರಿ. ಮತ್ತೆ ಊರಿಗೆ ಹೋಗುವವರೆಗೂ ಆ ಮಾತು ಎತ್ತಲಿಲ್ಲ. ಮಾವ ಅದನ್ನೇ ನೆನೆಸಿಕೊಂಡು ಕೊರಗುತ್ತಾರೆ, ಕೊನೆಗೂ ಮಗಳನ್ನು ಬೈದೇ ಕಳಿಸಿದಳೋ ಎಂದು. ನನಗೂ ಹಾಗೇ ಅನ್ನಿಸಿತ್ತು. ಹೇಳಲು ಇಷ್ಟವಿಲ್ಲದಿದ್ದರೆ ಬೇಡ.

ಲಕ್ಷ್ಮಿ


ಬ್ರೇಮನ್
8 ಫೆಬ್ರವರಿ 2026

ಲಕ್ಷ್ಮಿ,

ಪಾಸಾಗಿದ್ದಕ್ಕೆ ಸಂತೋಷ. ಬಂದಾಗ ನಿಲ್ದಾಣಕ್ಕೆ ನಾನು ಬರುತ್ತೇನೆ.

ಮಾವನಿಗೆ ಹೇಳು, ಅವಳು ಬೈಯಲಿಲ್ಲ. ಆಗಲೇ ಹೇಳಬಹುದಿತ್ತು. ಬಾಯಿಬಿಟ್ಟರೆ ಏನೋ ಎದ್ದುಬಿಡುತ್ತದೆ ಅನ್ನಿಸುತ್ತಿತ್ತು.

ಅವಳೊಡನೆ ಜರ್ಮನ್‌ನಲ್ಲೇ ಮಾತಾಡಬೇಕೆಂದು ವಿಮಾನದುದ್ದಕ್ಕೂ ಅಂದುಕೊಂಡು ಬಂದಿದ್ದೆ. ಅವಳಿಗೆ ಉಳಿದದ್ದು ಅದೊಂದೇ, ಅದೂ ಮುಗಿಯುತ್ತಿದೆ ಎಂದು. ಅವಳ ಮುಖ ನೋಡಿದ ಮೇಲೆ ನನಗೆ ಒಂದು ಪದವೂ ಬರಲಿಲ್ಲ. ಕನ್ನಡ ಬಂತು, ಅದೂ ಏಳು ವರ್ಷದವಳ ಕನ್ನಡ. "ಅಮ್ಮ, ಅವತ್ತು ನಾನು ಆಡ್ತಾ ಇದ್ದೆ. ಹಿಮ ಬಿದ್ದಿತ್ತು. ಗ್ಲೌಸ್ ಕಳ್ಕೊಂಡೆ, ಹುಡುಕ್ತಾ ಇದ್ದೆ. ಅದಕ್ಕೇ ಲೇಟಾಯ್ತು. ನೀನು ಎಲ್ಲಿಗೆ ಹೋಗಿದ್ದೆ ಅಂತ ಕೇಳ್ದಲ್ಲ, ನಾನು ಹೇಳ್ಲೇ ಇಲ್ಲ" ಅಂದೆ. ಆ ಪ್ರಶ್ನೆಗೆ ನಾನು ಉತ್ತರ ಕೊಟ್ಟಿರಲಿಲ್ಲ ಎಂದು ಹೇಳುವಾಗಲೇ ಹೊಳೆದದ್ದು.

ಅಮ್ಮ ನನ್ನನ್ನು ನೋಡಿದಳು. ನಂಬರಿನ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಎಡಗೈ ಚಾಚಿ ನನ್ನ ಎರಡೂ ಕೈ ಹಿಡಿದುಕೊಂಡಳು. ಹೊದಿಕೆಯ ಒಳಗೆ ಎಳೆದುಕೊಂಡು ಉಜ್ಜತೊಡಗಿದಳು. "ಹಾಸ್ಟ್ ಡು ಗೆಫ್ರೋರೆನ್?" ಅಂದಳು. ಆ ಪದ ನಿನ್ನ ಪಾಠದಲ್ಲಿ ಬಂದಿದೆಯೋ ಇಲ್ಲವೋ. ಚಳಿಯಾಯಿತಾ ನಿನಗೆ, ಎಂದು.

ಹೊರಗೆ ನಿಮ್ಮೂರಿನ ಬಿಸಿಲಿತ್ತು. ನನಗೆ ನಲವತ್ತು ವರ್ಷ. ಹೌದಮ್ಮ, ತುಂಬಾ ಅಂದೆ.

ಅವಳು ಉಜ್ಜುತ್ತಲೇ ಇದ್ದಳು. ನಾನು ಅತ್ತೆ. ಸ್ವಲ್ಪ ಜೋರಾಗಿಯೇ ಅತ್ತಿರಬೇಕು. ತಟ್ಟನೆ ಅವಳು ಕೈ ನಿಲ್ಲಿಸಿ, ಗೋಡೆಯ ಪಕ್ಕಕ್ಕೆ, ಮಡಿಸಿಟ್ಟ ಹಾಸಿಗೆಗಳ ಕಡೆಗೆ ನೋಡಿದಳು. ನಮ್ಮ ಹಳೆಯ ಮನೆಯಲ್ಲಿ ತೊಟ್ಟಿಲು ಇದ್ದದ್ದು ಅದೇ ಮೂಲೆಯಲ್ಲಿ, ಕಿಟಕಿಯ ಎಡಕ್ಕೆ. ಆಮೇಲೆ ನನ್ನ ಕಡೆ ತಿರುಗಿ ಪಿಸುದನಿಯಲ್ಲಿ ಅಂದಳು, "ಲೈಜ. ಎರ್ ಶ್ಲೇಫ್ಟ್."

ಮೆಲ್ಲಗೆ. ಅವನು ಮಲಗಿದ್ದಾನೆ.

ಅವಳ ಮುಖ ಅಷ್ಟು ಹಗುರವಾಗಿದ್ದನ್ನು ನಾನು ಎಂದೂ ನೋಡಿರಲಿಲ್ಲ ಲಕ್ಷ್ಮಿ. ಆ ಮಧ್ಯಾಹ್ನ ಇನ್ನೂ ಆಗಿರಲಿಲ್ಲ. ಯಾರೂ ಯಾರಿಗೂ ಫೋನ್ ಮಾಡಿರಲಿಲ್ಲ. ನಾನು ಶಾಲೆಯಿಂದ ಸರಿಯಾದ ಹೊತ್ತಿಗೆ ಮನೆಗೆ ಬಂದಿದ್ದೆ.

ಅವಳಿಗೆ ನಿದ್ದೆ ಹತ್ತುವವರೆಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಚಪ್ಪಲಿ ಕೈಯಲ್ಲಿ ಹಿಡಿದು ಬಂದೆ. ಮಾವ ಕೇಳಿದಾಗ ಮಾತಾಡುವುದು ಹೇಗೆ? ಒಳಗೆ ತಮ್ಮ ಮಲಗಿದ್ದ.

ಚಿನ್ನಿ